ಒಕ್ಕಣೆ ಬರೆಯದ ಕಾರ್ಡು

ಮೊದಲೇ ಹೇಳಿಬಿಡುತ್ತೇನೆ, ನಾನು ಚಾಡಿಕೋರನಲ್ಲ. ಊರಿನಲ್ಲಿ ಈಗಲೂ ನನ್ನ ಬೆನ್ನ ಹಿಂದೆ ಹಾಗೆ ಅನ್ನುವವರಿದ್ದಾರೆ. ಅನ್ನಲಿ, ಊರ ಬಾಯಿಗೆ ಬೀಗ ಹಾಕುವುದಕ್ಕಾಗುತ್ತದೆಯೇ? ಆದರೆ ಚಾಡಿ ಹೇಳುವವನಿಗೆ ತಾನು ಏನು ಹೇಳುತ್ತಿದ್ದೇನೆ ಅನ್ನುವುದಾದರೂ ಗೊತ್ತಿರುತ್ತದೆ. ನನಗೆ ಅದೂ ಗೊತ್ತಿರಲಿಲ್ಲ. ನಾಲ್ಕು ವರ್ಷದಿಂದ ಯೋಚನೆ ಮಾಡುತ್ತಿದ್ದೇನೆ, ಈಗಲೂ ಪೂರ್ತಿ ಅರ್ಥವಾಗಿಲ್ಲ.

ನಮ್ಮೂರು ಪೆರೇಸಂದ್ರದಿಂದ ಎರಡು ಮೈಲಿ ಒಳಗೆ. ನನ್ನ ಹೆಸರು ಚೆನ್ನರಾಯಪ್ಪ, ಇಲ್ಲಿನ ಪ್ರೈಮರಿ ಸ್ಕೂಲಿನ ಮೇಷ್ಟ್ರು. ಸ್ಕೂಲಿನ ಜೊತೆಗೆ ಊರಿನ ಅಂಚೆ ಕಚೇರಿಯನ್ನೂ ಆಗ ನಾನೇ ನೋಡಿಕೊಳ್ಳುತ್ತಿದ್ದೆ. ಅಂಚೆ ಕಚೇರಿ ಎಂದರೆ ಏನು ಮಹಾ, ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಮೇಜು, ಒಂದು ಮೊಹರು, ಒಂದು ಕಬ್ಬಿಣದ ಪೆಟ್ಟಿಗೆ. ಪೆರೇಸಂದ್ರದಿಂದ ಬರುವ ಟಪಾಲು ಚೀಲವನ್ನು ಬಿಚ್ಚಿ, ಕಾಗದಗಳನ್ನು ಹಂಚಿ, ಓದು ಬಾರದವರಿಗೆ ಓದಿ ಹೇಳಿ, ಕೇಳಿದರೆ ಉತ್ತರವನ್ನೂ ಬರೆದುಕೊಡುತ್ತಿದ್ದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಸ್ಕೂಲ್ ಇನ್‌ಸ್ಪೆಕ್ಟರು ಮೂರು ಸಲ ಷರಾ ಬರೆದಿದ್ದಾರೆ. ಆ ಅಕ್ಷರವೇ ಕಡೆಗೆ ಕುತ್ತಿಗೆಗೆ ಬಂತು.

ಕುತ್ತಿಗೆ ನನ್ನದಲ್ಲ, ನನ್ನ ಭಾವನದು. ಭಾವ ಮುನಿಶಾಮಪ್ಪ, ನಮ್ಮ ಅಕ್ಕ ಕದಿರಮ್ಮನ ಗಂಡ. ಇದೇ ಊರು, ಮೂರು ಮನೆ ಆಚೆ. ಎಂಟು ಎಕರೆ ಹೊಲ, ಒಂದು ಬಾವಿ, ಒಂದು ಜೊತೆ ಎತ್ತು. ಕೈ ಶುದ್ಧ, ಬಾಯಿ ಮಾತ್ರ ಸುಮ್ಮನಿರುವುದಿಲ್ಲ. ಯಾವ ಸಾಹೇಬನೇ ಬರಲಿ, ಎದುರಿಗೆ ನಿಂತು ‘ಯಾಕೆ’ ಎಂದು ಕೇಳುವುದು ಅವರ ಹುಟ್ಟುಗುಣ. ಕಂದಾಯ ಏರಿಸಿದರೆ ಯಾಕೆ, ಕಾಲುವೆ ನಿಲ್ಲಿಸಿದರೆ ಯಾಕೆ. ಇಪ್ಪತ್ತು ವರ್ಷದವರಾಗಿದ್ದಾಗ ವಿದುರಾಶ್ವತ್ಥದ ಗುಂಡೇಟಿನ ದಿನ ಅಲ್ಲಿದ್ದವರು ಅವರು, ಪಕ್ಕದಲ್ಲಿ ನಿಂತಿದ್ದವನು ಬಿದ್ದದ್ದನ್ನು ಕಣ್ಣಾರೆ ಕಂಡವರು. ಅವತ್ತಿನಿಂದ ಹಿಡಿದ ಚಾಳಿ ಇದು ಎಂದು ಅಕ್ಕ ಬೈಯುತ್ತಿದ್ದಳು.

ಅರವತ್ತೆರಡರಲ್ಲಿ ಚೀನಾದವರು ಮೇಲೆ ಬಿದ್ದರಲ್ಲ, ಆಗ ಪೆರೇಸಂದ್ರದಲ್ಲಿ ರಕ್ಷಣಾ ನಿಧಿಗೆ ಅಂತ ಒಂದು ಸಭೆ ಮಾಡಿದರು. ಹೆಂಗಸರು ಓಲೆ ಬಿಚ್ಚಿಕೊಟ್ಟರು. ಭಾವ ಎದ್ದು ಹೋಗಿ ತಮ್ಮ ಮದುವೆಯ ಉಂಗುರವನ್ನೇ ಕೊಟ್ಟರು, ಜನ ಚಪ್ಪಾಳೆ ತಟ್ಟಿದರು. ಕೊಟ್ಟು ತೆಪ್ಪಗೆ ಬಂದು ಕೂರಬಾರದೇ? ಅಲ್ಲೇ ನಿಂತುಕೊಂಡು, ಚಿಕ್ಕಬಳ್ಳಾಪುರದ ಪ್ರೆಸ್ಸಿನ ಮುದ್ದಪ್ಪನ ವಿಷಯ ತೆಗೆದರು. ಮುದ್ದಪ್ಪನನ್ನು ಪೊಲೀಸರು ಹಿಡಿದುಕೊಂಡು ಹೋಗಿ ಎಂಟು ದಿನವಾಗಿತ್ತು, ಯಾಕೆ ಅಂತ ಯಾರಿಗೂ ತಿಳಿದಿರಲಿಲ್ಲ.

“ಉಂಗುರ ಕೊಟ್ಟಿದೀನಿ, ಬೇಕಂದ್ರೆ ಕಿವೀದೂ ಬಿಚ್ಕೊಡ್ತೀನಿ. ಆದ್ರೆ ಆ ಮುದ್ದಪ್ಪನ್ನ ಯಾಕೆ ಹಿಡ್ಕೊಂಡು ಹೋದ್ರಿ ಅಂತ ಅವನ ಹೆಂಡ್ತಿಗಾದ್ರೂ ಹೇಳ್ರಪ್ಪ” ಎಂದರು. “ವಿದುರಾಶ್ವತ್ಥದಲ್ಲಿ ಗುಂಡು ಹಾರಿಸ್ದೋರೂ ಯಾಕೆ ಅಂತ ಹೇಳ್ಲಿಲ್ಲ. ಅವರು ಅರಮನೆ ಕಡೆಯೋರು. ನೀವು ನಮ್ಮೋರಲ್ವಾ?”

ಸಭೆ ಮಾಡಿಸಿದ ದೊಡ್ಡ ಮನುಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ಹಿಂದಿನ ಸಾಲಿನಲ್ಲಿ ಕೂತು ಹಲ್ಲು ಕಚ್ಚುತ್ತಿದ್ದೆ. ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಎಂದರೆ ಇದೇ ತಾನೇ?

ಮಾರಿ ಬಂತು, ಆದರೆ ಅವರ ಮನೆಗಲ್ಲ, ನನ್ನ ಮನೆಗೆ. ಸಭೆಯಾದ ಹದಿನೈದು ದಿನಕ್ಕೆ ಬಿಳಿ ಷರಾಯಿ ತೊಟ್ಟ ಒಬ್ಬಾತ ಕೊಡೆ ಹಿಡಿದುಕೊಂಡು ಬಂದ. ಬೆಂಗಳೂರಿನವನಂತೆ, ಪೊಲೀಸಿನವನಂತೆ, ಮಫ್ತಿಯಲ್ಲಿದ್ದ. ಹೆಸರು ಹೇಳಲಿಲ್ಲ. ಮೊಹರು ಬಿದ್ದ ಒಂದು ಕಾಗದ ತೋರಿಸಿದ. ಮುನಿಶಾಮಪ್ಪನಿಗೆ ಬರುವ ಪ್ರತಿ ಕಾಗದವನ್ನೂ ನಾನು ಒಂದು ಪುಸ್ತಕದಲ್ಲಿ ಗುರುತು ಹಾಕಬೇಕು: ತಾರೀಖು, ಎಲ್ಲಿಂದ ಬಂತು, ಒಕ್ಕಣೆ ಏನು, ಕಾಗದ ಕೈಗೆ ಬಂದಮೇಲೆ ಅವನು ಏನು ಮಾಡಿದ. ಹದಿನೈದು ದಿನಕ್ಕೊಮ್ಮೆ ಈತ ಬಂದು ನೋಡಿಕೊಂಡು ಹೋಗುತ್ತಾನೆ. ಹೆಂಡತಿಗೂ ಹೇಳುವ ಹಾಗಿಲ್ಲ, ಹೇಳಿದರೆ ನೌಕರಿ ಹೋಗುವುದಿರಲಿ, ಜೈಲು.

ಹೆದರಿದೆ. ಹೆದರಲಿಲ್ಲ ಅಂದರೆ ನಾಲಗೆ ಬಿದ್ದುಹೋದೀತು. ಆದರೆ ಇನ್ನೊಂದು ಮಾತೂ ಹೇಳಿಬಿಡಬೇಕು. ಹೆದರಿಕೆಯ ಜೊತೆಗೆ ಒಳಗೆಲ್ಲೋ ಒಂದು ಹಿಗ್ಗೂ ಇತ್ತು. ಇಷ್ಟು ದೊಡ್ಡ ಸರ್ಕಾರ, ಇಷ್ಟು ದೊಡ್ಡ ಯುದ್ಧ, ನನ್ನ ಮೇಜಿನ ಹತ್ತಿರ ಬಂದು ನನ್ನ ಕೈಬರಹ ಕೇಳುತ್ತಿದೆಯಲ್ಲ ಅಂತ. ಥೂ, ಈಗ ನೆನೆಸಿಕೊಂಡರೆ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಭಾವನಿಗೆ ಒಳ್ಳೆಯದನ್ನೇ ಮಾಡೋಣ ಅಂತಲೇ ನಾನು ಶುರು ಮಾಡಿದ್ದು. ಮೊದಲ ಸಲ ಬರೆದದ್ದು ಹೀಗೆ: ಗೌರಿಬಿದನೂರಿನಿಂದ ಮಗಳು ಬರೆದ ಕಾರ್ಡು, ಎಲ್ಲರೂ ಕ್ಷೇಮ, ಹಸು ಕರು ಹಾಕಿದೆ, ಸದರಿ ಮುನಿಶಾಮಪ್ಪನವರು ಸಜ್ಜನರು, ದೇಶಾಭಿಮಾನಿಗಳು, ನಿಧಿಗೆ ಉಂಗುರ ಕೊಟ್ಟವರು. ಮಫ್ತಿಯವನು ಬಂದು ಓದಿ, ಕೆಂಪು ಪೆನ್ಸಿಲಿನಿಂದ ಕಡೆಯ ಸಾಲಿನ ಮೇಲೆ ಗೀಟು ಎಳೆದ.

“ಒಳ್ಳೆಯವನೋ ಕೆಟ್ಟವನೋ ನಾವು ನೋಡ್ಕೋತೀವಿ ಮೇಷ್ಟ್ರೇ. ನಿಮ್ಮ ಕಣ್ಣಿಗೆ ಕಂಡದ್ದು ಬರೀರಿ, ಅಷ್ಟೇ ಸಾಕು.”

ಮೇಷ್ಟ್ರ ಬರಹಕ್ಕೆ ಕೆಂಪು ಗೀಟು! ಅವತ್ತು ರಾತ್ರಿ ಊಟ ಸೇರಲಿಲ್ಲ. ಇನ್ನು ಮೇಲೆ ಇವನು ಬೆರಳಿಡುವುದಕ್ಕೆ ಜಾಗವಿಲ್ಲದ ಹಾಗೆ ಬರೆಯುತ್ತೇನೆ, ಕಂಡದ್ದು ಬಿಟ್ಟರೆ ಒಂದಕ್ಷರ ಜಾಸ್ತಿ ಬರೆಯುವುದಿಲ್ಲ ಎಂದು ಹಟ ಹಿಡಿದೆ. ಹಾಗೇ ಬರೆದೆ ಕೂಡ.

ಸಂಕ್ರಾಂತಿ ಕಳೆದ ವಾರ ಚೀಲ ಬಿಚ್ಚಿದರೆ ಅದರಲ್ಲಿ ಮೂಲೆಗೆ ಕರಿ ಮಸಿ ಬಳಿದ ಒಂದು ಕಾರ್ಡು. ಸಾವಿನ ಕಾಗದ. ಭಾವನ ಹೆಸರಿಗೆ. ಪುಣ್ಯಕ್ಕೆ ನಾನು ಆವತ್ತು ಚೀಲವನ್ನು ಜಗುಲಿಯ ಮೇಲೇ ಬಿಚ್ಚಿದ್ದೆ. ನಮ್ಮ ಕಡೆ ಸಾವಿನ ಕಾಗದವನ್ನು ಹೊಸ್ತಿಲು ದಾಟಿಸುವುದಿಲ್ಲ. ಬೀದಿಯಲ್ಲೇ ಕೊಡಬೇಕು, ಬೀದಿಯಲ್ಲೇ ಓದಬೇಕು, ಓದಿದ ತಕ್ಷಣ ಹರಿದು ಬಿಸಾಡಬೇಕು, ತಲೆಗೆ ನೀರು ಹಾಕಿಕೊಂಡೇ ಮನೆಯೊಳಗೆ ಕಾಲಿಡಬೇಕು. ಬೇರೆ ದಿನವಾಗಿದ್ದರೆ ನಾನೂ ಇಷ್ಟು ಮಡಿವಂತನಲ್ಲ. ಆದರೆ ನನ್ನ ಹೆಂಡತಿ ಅನಸೂಯಮ್ಮನಿಗೆ ಆಗ ಐದು ತಿಂಗಳು. ಅದಕ್ಕೆ ಮುಂಚೆ ಎರಡು ಹೋಗಿದ್ದವು. ಅವಳ ಕಿವಿಗೆ ಸಾವು ಅನ್ನುವ ಮಾತೇ ಬೀಳಬಾರದು ಎಂದು ನಮ್ಮತ್ತೆ ಆಣೆ ಹಾಕಿಸಿದ್ದರು.

ಕಾರ್ಡನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋಗಿ, ಭಾವನನ್ನು ಆಚೆಗೆ ಕರೆದು ಹೊಂಗೆ ಮರದ ಕೆಳಗೆ ಕೊಟ್ಟೆ. ಚಿಂತಾಮಣಿ ಕಡೆಯಿಂದ ಬಂದದ್ದು. ಅವರ ಸೋದರತ್ತೆ ಗಂಗುಲಮ್ಮ ತೀರಿಹೋಗಿದ್ದರು, ಹನ್ನೊಂದನೆಯ ದಿನಕ್ಕೆ ಬರಬೇಕು ಎಂದು ಅವರ ಮಗ ಬರೆಸಿದ್ದ. ತಾಯಿ ಸತ್ತ ಮೇಲೆ ಭಾವನನ್ನು ಎದೆಗೆ ಹಾಕಿಕೊಂಡು ಸಾಕಿದ ಮಹಾತಾಯಿ ಆಕೆ. ಭಾವ ನಿಂತುಕೊಂಡೇ ಓದಿದರು, ಕಾರ್ಡನ್ನು ನಾಲ್ಕು ಚೂರು ಮಾಡಿ ಚರಂಡಿಗೆ ಹಾಕಿದರು, ಒಂದು ಮಾತೂ ಆಡದೆ ಬಾವಿಯ ಕಡೆ ಹೋಗಿ ಉಟ್ಟ ಬಟ್ಟೆಯಲ್ಲೇ ನೀರು ಸುರಿದುಕೊಂಡರು. ನೀರು ಸುರಿಯುತ್ತಿದ್ದರೂ ಅಳುತ್ತಿದ್ದಾರೆ ಅನ್ನುವುದು ಗೊತ್ತಾಗುತ್ತಿತ್ತು. ನಾನೂ ತಲೆಗೆ ನೀರು ಹಾಕಿಕೊಂಡು ಮನೆಗೆ ಬಂದೆ.

ಸಾಯಂಕಾಲ ಪುಸ್ತಕ ತೆಗೆದೆ. ತಾರೀಖು ಬರೆದೆ. ಚಿಂತಾಮಣಿ ಕಡೆಯಿಂದ, ಒಂದು ಕಾರ್ಡು, ಎಂದು ಬರೆದೆ. ಒಕ್ಕಣೆಯ ಜಾಗಕ್ಕೆ ಬಂದಾಗ ಕೈ ಓಡಲಿಲ್ಲ. ಬಾಗಿಲ ಒಳಗೆ, ಎರಡು ಮಾರು ದೂರದಲ್ಲಿ, ಅನಸೂಯ ಗೋಡೆಗೊರಗಿ ಕೂತಿದ್ದಳು. ಹೊಸ್ತಿಲು ದಾಟಬಾರದು ಎಂದು ಕಾಗದವನ್ನು ಬೀದಿಯಲ್ಲೇ ಬಿಟ್ಟು ಬಂದವನು ಅದರ ಸುದ್ದಿಯನ್ನು ಮನೆಯೊಳಗೆ ಕೂತು ನಕಲು ಮಾಡುವುದುಂಟೇ? ಆ ಪುಸ್ತಕ ಇರುವುದು ನಮ್ಮ ಮನೆಯ ಪೆಟ್ಟಿಗೆಯಲ್ಲಿ. ‘ಇಲ್ಲಿ ಬರೆಯತಕ್ಕದ್ದಲ್ಲ’ ಎಂದು ಬರೆದೆ. ಆಮೇಲೆ ಕಂಡದ್ದನ್ನು ಬರೆದೆ: ಸದರಿಯವರನ್ನು ಹೊರಗೆ ಕರೆದು ಕೊಡಲಾಯಿತು, ಮರದ ಕೆಳಗೆ ನಿಂತು ಓದಿದರು, ಓದಿದ ಕೂಡಲೇ ನಾಲ್ಕು ಚೂರು ಮಾಡಿ ಚರಂಡಿಗೆ ಎಸೆದರು, ಯಾರೊಂದಿಗೂ ಮಾತಾಡಲಿಲ್ಲ. ಎಂಟು ದಿನ ಬಿಟ್ಟು ಇನ್ನೊಂದು ಸಾಲು: ಬೆಳಗಿನ ಬಸ್ಸಿಗೆ ಚಿಂತಾಮಣಿ ಕಡೆಗೆ ಹೋದರು, ಅಲ್ಲಿ ನಲವತ್ತು ಐವತ್ತು ಜನ ಸೇರಿದ್ದರಂತೆ. ಒಂದು ಕಾಟು ಹೊಡೆದದ್ದಿಲ್ಲ, ಒಂದು ಕಾಗುಣಿತ ತಪ್ಪಿಲ್ಲ.

ಮಫ್ತಿಯವನು ಬಂದ, ಆ ಪುಟವನ್ನು ಎರಡು ಸಲ ಓದಿದ. ಅದರಲ್ಲಿ ಏನಿತ್ತು ಎಂದು ಕೇಳಿದ. ಅದೇ ಹೊತ್ತಿಗೆ ಸರಿಯಾಗಿ ಅನಸೂಯ ಕಾಫಿ ತಂದು ನಿಂತಿದ್ದಳು. ಆಮೇಲೆ ಹೇಳುತ್ತೇನೆ ಎಂದು ಕಣ್ಸನ್ನೆ ಮಾಡಿದೆ. ಅವನು ಅವಳನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ಬೇಡ, ಇಷ್ಟು ಸಾಕು ಎಂದ. ಬಸ್ಸಿಗೆ ಹೊತ್ತಾಯಿತು ಎಂದು ಪುಟವನ್ನು ಹರಿದುಕೊಂಡು ಎದ್ದ. ಹೋಗುವಾಗ ಮೊದಲ ಸಲ ನಕ್ಕು, ಇದು ಕಣ್ರೀ ರಿಪೋರ್ಟು ಎಂದ. ಅವನಿಗೆ ಅರ್ಥವಾಯಿತು ಅಂದುಕೊಂಡೆ. ಅವನ ಮನೆಗೂ ಇಂಥ ಕಾಗದ ಬಂದಿರುವುದಿಲ್ಲವೇ? ಅವರ ಮನೆಯಲ್ಲೂ ಜನ ಸತ್ತಿರುವುದಿಲ್ಲವೇ? ಅವನಿಗೆ ನಿಜವಾಗಿ ತಿಳಿಯಲಿಲ್ಲವೋ, ತಿಳಿದೂ ತಿಳಿಯದವನ ಹಾಗೆ ಹೋದನೋ, ಇದೊಂದು ನನ್ನ ತಲೆಯಲ್ಲಿ ಇವತ್ತಿಗೂ ಬಗೆಹರಿದಿಲ್ಲ.

ಅದಾದ ವಾರಕ್ಕೆ, ಭಾವ ಕಣದಲ್ಲಿ ರಾಗಿ ತೆನೆ ತುಳಿಸುತ್ತಿದ್ದಾಗ ಜೀಪು ಬಂತು. ಹೊತ್ತು ಹತ್ತು ಗಂಟೆ. ನಾಲ್ಕು ಜನ ಪೊಲೀಸರು. ಸ್ಕೂಲಿನ ಕಿಟಕಿಯಿಂದ ಕಾಣುತ್ತಿತ್ತು. ಭಾವ ಏನೋ ಕೇಳಿದರು. ಏನು ಕೇಳಿರುತ್ತಾರೆ, ಅದೇ, ‘ಯಾಕೆ’. ಮೇಲಿನ ಆರ್ಡರು ಎಂದರಂತೆ. ಅಂಗಿ ಹಾಕಿಕೊಳ್ಳುವುದಕ್ಕೆ ಬಿಟ್ಟರು, ಅಷ್ಟೇ.

ಊರಿಗೆ ಊರೇ ಕಾರಣ ಹುಡುಕಿತು. ರೆವಿನ್ಯೂ ಇನ್‌ಸ್ಪೆಕ್ಟರ ಜೊತೆ ಜಗಳವಾಡಿದ್ದಕ್ಕೆ ಎಂದರು ಕೆಲವರು. ಅಲೀಪುರದ ಹಕೀಮರ ಹತ್ತಿರ ಕೆಮ್ಮಿಗೆ ಮದ್ದು ತರುತ್ತಿದ್ದರಲ್ಲ, ಅದಕ್ಕೆ ಎಂದರು ಇನ್ನು ಕೆಲವರು. ಉಂಗುರ ಚಿನ್ನದ್ದಲ್ಲವಂತೆ ಎಂದು ಒಬ್ಬ ಮಹಾನುಭಾವ ಸುದ್ದಿ ಹುಟ್ಟಿಸಿದ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ‘ಬರೆಯತಕ್ಕದ್ದಲ್ಲ’ ಎಂಬ ಆ ಸಾಲು ಒಂದೊಂದು ಸಲ ನೆನಪಾಗುತ್ತಿತ್ತು. ಛೆ, ಸಾವಿನ ಕಾಗದಕ್ಕೆ ಯಾರಾದರೂ ಮನುಷ್ಯನನ್ನು ಹಿಡಿಯುತ್ತಾರೆಯೇ ಎಂದು ನನಗೆ ನಾನೇ ಬೈದುಕೊಂಡು ಸುಮ್ಮನಾಗುತ್ತಿದ್ದೆ. ಹಿಡಿಯುವುದಿಲ್ಲ ಎಂದು ಖಾತ್ರಿಯಿದ್ದರೆ ಯಾರಿಗಾದರೂ ಹೇಳಬಹುದಿತ್ತಲ್ಲ? ಹೇಳಲೂ ಇಲ್ಲ. ಮಫ್ತಿಯವನು ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ.

ಅಕ್ಕ ಚಿಕ್ಕಬಳ್ಳಾಪುರಕ್ಕೆ ಅಲೆದಳು, ಬೆಂಗಳೂರಿಗೆ ಅಲೆದಳು. ಜೈಲಿನ ಬಾಗಿಲಲ್ಲಿ ಬುತ್ತಿ ಇಟ್ಟುಕೊಂಡು ಕೂತು ವಾಪಸು ಬಂದಳು. ಕಡೆಗೆ ಚಿಕ್ಕಬಳ್ಳಾಪುರದ ವಕೀಲ ವೆಂಕಟರವಣಪ್ಪನವರು ಸಿಕ್ಕಿದರು. ದಪ್ಪ ಆಸಾಮಿ, ನಶ್ಯ ಸೇದಿ ಸೇದಿ ಅಂಗಿಯ ಎದೆಯೆಲ್ಲ ಕಂದು. ಕಾರಣ ಹೇಳದೆ ಜನರನ್ನು ಹಿಡಿದಿಡುವುದು ಅನ್ಯಾಯ, ಹೇಳಿ ಇಲ್ಲ ಬಿಡಿ ಎಂದು ಒಂದು ಅರ್ಜಿ ಮಾಡಿಕೊಂಡು ಅವರು ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟವನ್ನೆಲ್ಲ ಬಸ್ಸಿನಲ್ಲಿ ಸುತ್ತಿ ರುಜು ಹಾಕಿಸುತ್ತಿದ್ದರು. ಯುದ್ಧದ ಕಾಲ, ರುಜು ಹಾಕಿದರೆ ದೇಶದ್ರೋಹಿ ಅನ್ನುತ್ತಾರೆ ಎಂದು ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಮೂರು ತಿಂಗಳಲ್ಲಿ ಅವರಿಗೆ ಸಿಕ್ಕಿದ್ದು ಅರವತ್ತೊಂದು ರುಜು.

ಮುನಿಶಾಮಪ್ಪನವರ ವಿಷಯಕ್ಕೆ ಬೇರೆಯೇ ಒಂದು ಅರ್ಜಿ ಬೇಕು, ಹೆಂಡತಿಯ ಹೆಸರಿನಲ್ಲಿ, ಚೆನ್ನಾಗಿ ಬರೆಸಿಕೊಂಡು ಬಾರಮ್ಮ ಎಂದು ಅಕ್ಕನಿಗೆ ಹೇಳಿ ಕಳಿಸಿದರು. ಚೆನ್ನಾಗಿ ಬರೆಯುವವನು ಊರಿನಲ್ಲಿ ಇನ್ಯಾರು? ಒಂದು ಭಾನುವಾರ ಮಧ್ಯಾಹ್ನ ಅಕ್ಕ ಬಂದು ಪಡಸಾಲೆಯಲ್ಲಿ, ಅದೇ ಮೇಜಿನ ಪಕ್ಕ, ನೆಲದ ಮೇಲೆ ಕೂತಳು. ಎರಡು ತಿಂಗಳಲ್ಲಿ ಅವಳ ಕೈಬಳೆ ಮೊಣಕೈವರೆಗೆ ಜಾರುವಷ್ಟು ಇಳಿದುಹೋಗಿದ್ದಳು. ನಾನು ಕಾಗದ ತೆಗೆದು, ‘ಘನ ಸರ್ಕಾರದವರ ಸನ್ನಿಧಾನಕ್ಕೆ’ ಎಂದು ತಲೆಬರಹ ಬರೆದು, ಹೇಳಕ್ಕ ಎಂದೆ.

“ಏನು ದೊಡ್ಡ ಮಾತು ಬೇಡ ಕಣೋ. ನನ್ನ ಗಂಡ ಏನು ತಪ್ಪು ಮಾಡಿದ ಅಂತ ತಿಳಿಸ್ಬೇಕು ಅಂತ ಬರಿ. ತಪ್ಪು ಮಾಡಿದ್ರೆ ಅಲ್ಲೇ ಇಟ್ಕೊಳ್ಳಿ, ನಾನು ಕೇಳಲ್ಲ. ಏನು ತಪ್ಪು ಅಂತ ಮಾತ್ರ ಹೇಳಲಿ.”

‘ನನ್ನ ಗಂಡ’ ಎಂದು ಬರೆದೆ. ‘ಏನು ತಪ್ಪು’ ಎಂದು ಬರೆದೆ. ಮುಂದಕ್ಕೆ ಲೇಖನಿ ಹೋಗಲಿಲ್ಲ. ಯಾವ ಕೈ ಸರ್ಕಾರಕ್ಕೆ ಕಾರಣ ಬರೆದುಕೊಟ್ಟಿತೋ ಅದೇ ಕೈ ಈಗ ಕಾರಣ ಏನು ಸ್ವಾಮಿ ಎಂದು ಕೇಳುತ್ತಿತ್ತು. ಮಸಿ ಒಣಗಿದೆ, ನಾಳೆ ಬರೆದುಕೊಡುತ್ತೇನೆ ಎಂದೆ. ದೌತಿ ತುಂಬ ಮಸಿ ಇತ್ತು. ಅಕ್ಕ ಅದನ್ನು ನೋಡಿದಳು, ಎದ್ದು ಹೋದಳು.

ಮಾರನೆಯ ದಿನ ಸ್ಕೂಲಿಗೆ ರಜ ಹಾಕಿ ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ. ವಕೀಲರಿಗೆ ಎಲ್ಲವನ್ನೂ ಹೇಳಿದೆ, ಕಾರ್ಡು, ಚರಂಡಿ, ‘ಬರೆಯತಕ್ಕದ್ದಲ್ಲ’, ಎಲ್ಲ. ಅವರು ನಶ್ಯದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಕೇಳಿದರು. ಬೈಯುತ್ತಾರೆ ಅಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ನಿಟ್ಟುಸಿರು ಬಿಟ್ಟು, ಮೂರು ತಿಂಗಳಿಂದ ಗಾಳಿಗೆ ಗುದ್ದುತ್ತಿದ್ದೆ, ಈಗ ಗುದ್ದುವುದಕ್ಕೆ ಒಂದು ಗೋಡೆಯಾದರೂ ಸಿಕ್ಕಿತು ಎಂದರು. ಇದೇ ಕಾರಣವೋ ಅಲ್ಲವೋ ಅವರಿಗೂ ಗೊತ್ತಿಲ್ಲ. ಭಾರತ ರಕ್ಷಣಾ ನಿಯಮದ ಪ್ರಕಾರ ಹಿಡಿದವರು ಕಾರಣ ಹೇಳಬೇಕಾಗಿಲ್ಲವಂತೆ. ಆದರೂ ಆ ಕಾರ್ಡು ಸಾವಿನ ಕಾರ್ಡು, ಹರಿಯುವುದು ನಮ್ಮ ಪದ್ಧತಿ, ಬರೆದವನು ನಾನೇ ಎಂದು ಪ್ರಮಾಣಪತ್ರ ಮಾಡಿಕೊಟ್ಟರೆ ಮೇಲೆ ಕಳಿಸಬಹುದು. ಕಳಿಸಿದರೆ ನನ್ನ ಅಂಚೆ ಕೆಲಸ ಖಂಡಿತ ಹೋಗುತ್ತದೆ, ಸರ್ಕಾರದ ಗುಟ್ಟು ಹೊರಗೆ ಹಾಕಿದೆ ಎಂದು ನನ್ನನ್ನೂ ಒಳಗೆ ಹಾಕಬಹುದು, ಯೋಚನೆ ಮಾಡಿ ಎಂದರು. ಯೋಚನೆ ಮಾಡಿದರೆ ಓಡಿಹೋಗುತ್ತೇನೆ ಎಂದು ಗೊತ್ತಿತ್ತು. ಈಗಲೇ ಬರೆಯಿರಿ ಎಂದು ಅಲ್ಲೇ ಕೂತು ರುಜು ಹಾಕಿದೆ.

ಅಕ್ಕನಿಗೆ ಬೇರೆಯವರ ಬಾಯಿಂದ ತಿಳಿಯುವುದು ಬೇಡ ಎಂದು ಬಸ್ಸಿಳಿದು ನೇರವಾಗಿ ಅವರ ಮನೆಗೆ ಹೋದೆ. ಅಕ್ಕ ಹಿತ್ತಲಲ್ಲಿ ಎತ್ತಿಗೆ ಹುಲ್ಲು ಹಾಕುತ್ತಿದ್ದಳು. ನಿಂತುಕೊಂಡೇ ಹೇಳಿದೆ. ಅವಳು ಹುಲ್ಲಿನ ಕಂತೆಯನ್ನು ಕೆಳಗಿಟ್ಟಳು.

“ಅದು ಸಾವಿನ ಕಾಗದ ಅಂತ ನಿಂಗೆ ಗೊತ್ತಿತ್ತಲ್ಲ?”

“ಗೊತ್ತಿತ್ತು ಅಕ್ಕ. ಅನಸೂಯ ಒಳಗೇ ಕೂತಿದ್ಳು. ಆ ಸುದ್ದಿ ಮನೆಯೊಳಗೆ ಹೆಂಗೆ ಬರೀಲಿ?”

ಅಕ್ಕ, ಅದು ಸರಿ, ಬರೀಬಾರದು ಎಂದಳು. ನನಗೆ ಉಸಿರು ಬಂದ ಹಾಗಾಯಿತು. ಬಂದದ್ದೇ ತಡ, ಇನ್ನೊಂದು ಮಾತು ಕೇಳಿದಳು.

“ಅವರನ್ನ ಹಿಡ್ಕೊಂಡು ಹೋದ ಮೇಲೆ? ಬೀದೀಲಿ ನಿಂತು ಹೇಳಕ್ಕೆ ಏನಾಗಿತ್ತು?”

ಏನೂ ಆಗಿರಲಿಲ್ಲ. ಹೆದರಿದ್ದೆ, ಅಷ್ಟೇ. ನಾನು ಬಗ್ಗಿ ಆ ಕಂತೆಯನ್ನು ತೆಗೆದು ಎತ್ತಿನ ಮುಂದೆ ಹಾಕಿದೆ. ಅಕ್ಕ, “ಪೋರಾ, ಇಂಟಿಕಿ ಪೋ” ಎಂದಳು. ನಮ್ಮಮ್ಮ ಸಿಟ್ಟು ಮಿತಿಮೀರಿದಾಗ ಮಾತ್ರ ತೆಲುಗಿಗೆ ತಿರುಗುತ್ತಿದ್ದಳು, ಅಕ್ಕನೂ ಹಾಗೇ. ಹೋಗೋ, ಮನೆಗೆ ಹೋಗು ಎಂದದ್ದೇ ಕಡೆ, ಆಮೇಲೆ ಏಳು ತಿಂಗಳು ಅವಳು ನನ್ನ ಜೊತೆ ಮಾತಾಡಲಿಲ್ಲ. ಅನಸೂಯಳಿಗೆ ಹೆರಿಗೆಯಾದಾಗ ಬಂದು ಮಗುವಿಗೆ ನೀರು ಹಾಕಿ, ಬಾಣಂತಿಗೆ ಖಾರ ಅರೆದುಕೊಟ್ಟು ಹೋದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಪ್ರಮಾಣಪತ್ರ ಮೇಲೆ ಹೋಯಿತು. ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಕಾದೆ. ಒಂದು ತಿಂಗಳ ಮೇಲೆ ಅಂಚೆ ಇಲಾಖೆಯಿಂದ ಒಬ್ಬರು ಬಂದು ಮೇಜು ಬಿಟ್ಟು ಮೊಹರು, ಪೆಟ್ಟಿಗೆ, ಚೀಲವನ್ನೆಲ್ಲ ತೆಗೆದುಕೊಂಡು ಹೋದರು. ಕಾರಣ ಬರೆದುಕೊಡಿ ಎಂದು ಕೇಳಿದೆ. ಅವರು ನಕ್ಕರು. ಭಾವನನ್ನು ಬಿಡಲಿಲ್ಲ. ಹಾಗಾದರೆ ನನ್ನ ಸಾಲು ಕಾರಣವಲ್ಲವೇ? ಅಲ್ಲದಿದ್ದರೆ ನನ್ನ ಕೆಲಸ ಯಾಕೆ ತೆಗೆದರು? ಕಾರಣವಾಗಿದ್ದರೆ, ನಿಜ ಹೇಳಿದ ಮೇಲೂ ಅವರನ್ನು ಯಾಕೆ ಇಟ್ಟುಕೊಂಡಿದ್ದಾರೆ? ರಾಗಿ ಬಿತ್ತನೆಯಾಯಿತು, ಗೌರಿ ಹಬ್ಬವೂ ಬಂತು. ಅಕ್ಕ ಬಿತ್ತನೆಗೆ ಕೂಲಿಯವರನ್ನು ಕರೆದಳೇ ಹೊರತು ನನ್ನನ್ನು ಕರೆಯಲಿಲ್ಲ. ನಾನು ಕರೆಯದೆಯೇ ಹೋಗಿ ಕೂರಿಗೆಯ ಹಿಂದೆ ನಡೆದೆ, ಅವಳು ಬೇಡ ಅನ್ನಲೂ ಇಲ್ಲ.

ಹಬ್ಬ ಕಳೆದ ಮೂರನೆಯ ದಿನ ಭಾವ ಬಂದುಬಿಟ್ಟರು. ಪೆರೇಸಂದ್ರದಲ್ಲಿ ಬಸ್ಸಿಳಿದು, ಎರಡು ಮೈಲಿ ನಡೆದುಕೊಂಡು, ಕೈಯಲ್ಲಿ ಒಂದು ಬಟ್ಟೆಯ ಗಂಟು ಹಿಡಿದುಕೊಂಡು. ತಲೆ ಪೂರ್ತಿ ಬೆಳ್ಳಗಾಗಿತ್ತು. ನನಗೆ ಎದುರಿಗೆ ಹೋಗುವ ಧೈರ್ಯವಿಲ್ಲ. ಎರಡು ದಿನ ಸ್ಕೂಲಿಗೆ ಹಿಂದಿನ ಓಣಿಯಲ್ಲಿ ಹೋಗಿ ಬಂದೆ. ಮೂರನೆಯ ದಿನ ಸಾಯಂಕಾಲ ಅವರೇ ನಮ್ಮ ಮನೆಗೆ ಬಂದು ಜಗುಲಿಯ ಮೇಲೆ ಕೂತರು. ಅನಸೂಯ ಮಗುವನ್ನು ತಂದು ಅವರ ತೊಡೆಯ ಮೇಲೆ ಮಲಗಿಸಿ, ಇಬ್ಬರಿಗೂ ಕಾಫಿ ಇಟ್ಟು ಒಳಗೆ ಹೋದಳು.

ಭಾವ ಜೈಲಿನ ಊಟದ ಮಾತಾಡಿದರು, ಮಳೆಯ ಮಾತಾಡಿದರು. ಅಲ್ಲಿ ಪ್ರೆಸ್ಸಿನ ಮುದ್ದಪ್ಪ ಸಿಕ್ಕಿದ್ದನಂತೆ, ಅವನಿಗೂ ಇನ್ನೂ ಕಾರಣ ಗೊತ್ತಿಲ್ಲವಂತೆ. ಈಗ ತಮ್ಮನ್ನು ಬಿಟ್ಟದ್ದು ಯಾಕೆ ಅಂತಲೂ ಯಾರೂ ಹೇಳಲಿಲ್ಲವಂತೆ. ನಾನು ತಲೆ ತಗ್ಗಿಸಿ ಕೂತಿದ್ದೆ. ಆಮೇಲೆ ಅವರು ನಿಧಾನವಾಗಿ ಹೇಳತೊಡಗಿದರು. ವಕೀಲರು ಜೈಲಿಗೆ ಬಂದು ನನ್ನ ಪ್ರಮಾಣಪತ್ರವನ್ನು ಓದಿ ಹೇಳಿದ್ದರಂತೆ, ಅಂದರೆ ವೈಶಾಖದಲ್ಲೇ ಅವರಿಗೆ ಎಲ್ಲ ಗೊತ್ತಾಗಿತ್ತು. ಅದಾದ ಹತ್ತು ದಿನಕ್ಕೆ ಒಬ್ಬ ದೊಡ್ಡ ಆಫೀಸರು ಬಂದನಂತೆ. ಕುರ್ಚಿ ಹಾಕಿಸಿ, ಟೀ ತರಿಸಿ, ನಾಳೆಯೇ ಮನೆಗೆ ಕಳಿಸುತ್ತೇವೆ, ಒಂದು ಸಾಲು ಬರೆದುಕೊಡಿ ಸಾಕು ಎಂದನಂತೆ.

“ಏನಂತ?” ಎಂದೆ.

“ಅದು ಸಾವಿನ ಕಾರ್ಡಲ್ಲ, ಮೇಷ್ಟ್ರು ಸುಳ್ಳು ಪ್ರಮಾಣ ಮಾಡಿದಾನೆ, ಅವನೂ ನಮ್ಮ ಗುಂಪಿನೋನೇ ಅಂತ. ನಾನು ಆಗಲ್ಲ ಅಂದೆ. ಅವನು ಎದ್ದು ಹೋದ. ಹೋಗಿ ನಾಲ್ಕು ತಿಂಗಳು ಬರಲಿಲ್ಲ.”

ನಾಲ್ಕು ತಿಂಗಳು. ಬಿತ್ತನೆ ಹೋಯಿತು, ಹಬ್ಬ ಹೋಯಿತು, ಅಕ್ಕ ಅರ್ಧವಾಗಿ ಹೋದಳು. ನಾನು ಮಾಡಿದ್ದು ಗೊತ್ತಾದ ಮೇಲೂ ಈ ಮನುಷ್ಯ ನನಗಾಗಿ ಅಲ್ಲಿ ಕೂತಿದ್ದರು. ಕೋಪ ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಬರೆದುಕೊಟ್ಟು ಬರಬೇಕಾಗಿತ್ತು ಭಾವ, ನಾನು ಅದಕ್ಕೆ ಲಾಯಕ್ಕಾದವನೇ ಎಂದು ಅಂದುಬಿಟ್ಟೆ.

ಮಗು ಭಾವನ ಬೆರಳು ಹಿಡಿದುಕೊಂಡಿತ್ತು.

“ಒಂದು ಕೇಳ್ತೀನಿ, ಬೇಜಾರು ಮಾಡ್ಕೋಬೇಡ” ಎಂದರು. “ನನ್ನ ಮೇಲೆ ಕಾಗದ ಬರಿಯಕ್ಕೆ ನೀನು ಯಾಕೆ ಒಪ್ಕೊಂಡೆ?”

ಸರ್ಕಾರಕ್ಕೆ ಕೇಳಿ ಕೇಳಿ ಉತ್ತರ ಸಿಗದ ಅದೇ ಪ್ರಶ್ನೆ. ಇದಕ್ಕಾದರೂ ಒಂದು ಉತ್ತರ ಕೊಡಬೇಕು ಎಂದು ಹುಡುಕಿದೆ. ಯುದ್ಧ ಎನ್ನೋಣವೇ, ನೌಕರಿ ಎನ್ನೋಣವೇ, ಹೆದರಿಕೆ ಎನ್ನೋಣವೇ, ಅಕ್ಷರದ ಜಂಬ ಎನ್ನೋಣವೇ?

“ಬಂದು ಕೇಳಿದ್ರು ಭಾವ” ಎಂದೆ.

“ನನ್ನನ್ನೂ ಕೇಳಿದ್ರು ಕಣಪ್ಪ” ಎಂದರು ಭಾವ. ಸಿಟ್ಟಿನಿಂದ ಹೇಳಲಿಲ್ಲ, ಮಳೆಯ ಮಾತಾಡಿದ ದನಿಯಲ್ಲೇ ಹೇಳಿದರು. ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟು, ಲೋಟದಲ್ಲಿ ಉಳಿದಿದ್ದ ಕಾಫಿಯನ್ನು ಕುಡಿದು, ಎತ್ತಿಗೆ ನೀರು ಕುಡಿಸಬೇಕು ಎಂದು ಎದ್ದು ಹೋದರು.